ದೋಣಿಯ ಸದ್ದು

"ನಿಲ್ಸೋ! ದೋಣಿ ಸದ್ದೇ ಇಲ್ಲ!" ಹಿಂದಿನ ಸೀಟಿನಲ್ಲಿದ್ದ ಅಮ್ಮ ಹೌಹಾರಿ ಕೂಗಿದಾಗ ಮಗ ಬ್ರೇಕ್ ಒತ್ತಿದ. ಇಳಿದು ನೋಡಿದರೆ, ತೀರಿಹೋದ ಅಪ್ಪನ ದೋಣಿ ಕಾರಿಗೆ ಕಟ್ಟಿದ್ದ ಟ್ರೇಲರ್ ಮೇಲೆ ಗುಂಡುಕಲ್ಲಿನಂತೆ ಕೂತಿತ್ತು.

"ದೋಣಿ ಬಿಗಿದಿರೋ ಬೆಲ್ಟುಗಳನ್ನ ಒಂದೊಂದು ಸುತ್ತು ತಿರುಚಿ ಕಟ್ಟಿದೀನಮ್ಮ, ಗಾಳಿಗೆ ಬಡಿದು ಬಣ್ಣ ಕಿತ್ತುಹೋಗ್ಬಾರ್ದು ಅಂತ. ಅದಕ್ಕೇ ಸದ್ದಿಲ್ಲ."

"ನಿಮ್ಮಪ್ಪ ತಿರುಚ್ತಿರಲಿಲ್ಲ. ಬೆಲ್ಟು ಗಾಳಿಗೆ ಗುಂಯ್ ಅಂತಿದ್ರೆ ದೋಣಿ ಭದ್ರವಾಗಿದೆ ಅಂತ ಅರ್ಥ, ನೀನು ಮಲ್ಕೋ ಅಂತಿದ್ರು."

ಮಗನ ಊರು ಇನ್ನೂ ದೂರವಿತ್ತು. ಗೊಣಗುತ್ತಲೇ ಅವನು ಒಂದು ಬೆಲ್ಟನ್ನು ಬಿಚ್ಚಿ ನೇರವಾಗಿ ಕಟ್ಟಿದ. ದೋಣಿಯ ಅಂಚು ಸವೆಯದಂತೆ ಬೆಲ್ಟಿನಡಿಗೆ ತನ್ನ ಟವೆಲ್ ಮಡಿಸಿಟ್ಟ. ಕಾರು ವೇಗ ಹಿಡಿಯುತ್ತಲೇ ಬೆಲ್ಟು ಗುಂಯ್‌ಗುಟ್ಟತೊಡಗಿತು. ಅಮ್ಮನ ತಲೆ ಕಿಟಕಿಗೆ ಒರಗಿತು.

"ಸ್ವಲ್ಪ ನಿಧಾನ, ರೀ," ಎಂದಳು, ನಿದ್ದೆಯಲ್ಲೇ.

ಮಗ "ಹೂಂ" ಎಂದ. ಗುಂಯ್ ನಿಲ್ಲದಷ್ಟು ಮಾತ್ರ ವೇಗ ತಗ್ಗಿಸಿದ.