ಕಣ್ಣಿನ ಅಂಗಡಿಯ ಹಾಡಿನ ಪಟ

ಒಳಗೆ ಬಂದವನು ಮೂಲೆಯಲ್ಲಿದ್ದ ಕೋಟಿನ ಕಂಬಕ್ಕೆ "ನಮಸ್ಕಾರ ಡಾಕ್ಟ್ರೇ" ಎಂದ. ಕಂಬ ಉತ್ತರಿಸಲಿಲ್ಲ. ಅವನು ಬೇಸರಪಡದೆ ಅದರ ಪಕ್ಕದಲ್ಲೇ ಕಾಯುತ್ತ ನಿಂತ.

ಕೌಂಟರಿನ ಹಿಂದಿದ್ದ ಕಣ್ಣಿನ ಡಾಕ್ಟರಮ್ಮ ತಂಗಿಯ ಕೈ ಚಿವುಟಿದಳು. ಕಪ್ಪು ಕನ್ನಡಕ, ಗರಿಗರಿ ಬಿಳಿ ಅಂಗಿ, ಕಂಕುಳಲ್ಲಿ ಒಂದು ಕಡತ. ಇಷ್ಟು ಚೆನ್ನಾಗಿ ಕಣ್ಣು ಕಾಣದವನಂತೆ ನಟಿಸುವವನು ಇನ್ಸ್‌ಪೆಕ್ಟರನಲ್ಲದೆ ಇನ್ನಾರು?

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಅವಳ ಹೆಗಲ ಮೇಲಂತೂ ಬೂದಿ ಇದ್ದದ್ದು ನಿಜ.

ಅವಳು ಗುಡುಗಿನ ಅಭಿಮಾನಿ ಸಂಘದ ಅಧ್ಯಕ್ಷೆ. ಗುಡುಗು ಎಂದರೆ ಆಕಾಶದ್ದಲ್ಲ. ಮಿನುಗುವ ಅಂಗಿ ತೊಟ್ಟು ಕುಣಿಯುತ್ತ ಹಾಡುವ ಗಾಯಕ. ಹನ್ನೊಂದು ವರ್ಷ ಪತ್ರ ಬರೆದ ಮೇಲೆ ಅವನು ಈ ಊರಿಗೆ ಬರಲು ಒಪ್ಪಿದ್ದ. ಭಾನುವಾರ, ಆಟದ ಮೈದಾನದಲ್ಲಿ. ವೇದಿಕೆ ಹತ್ತಿ ಅವನ ಕೈಕುಲುಕುವ ಭಾಗ್ಯ ಅಧ್ಯಕ್ಷೆಯದು. ಅದನ್ನು ನೆನೆದು ಅವಳು ಮೂರು ವಾರದಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಊರಿಗೆ ಗುಡುಗಿನ ರುಚಿ ಹತ್ತಿಸಲು ಸಂಘ ಪಟ್ಟ ಪಾಡು ಒಂದೆರಡಲ್ಲ. ಅಕ್ಕತಂಗಿಯರ ಅಮ್ಮ ದಿನಾ ನಲವತ್ತು ರಾಂಗ್ ನಂಬರ್‌ಗಳಿಗೆ ಫೋನು ಮಾಡಿ ಪಲ್ಲವಿ ಹಾಡುತ್ತಿದ್ದರು. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ತಂಗಿಯ ಗಂಡ, ಹಾಡು ಮುಗಿಯುವವರೆಗೂ ಬಾಗಿಲು ತೆರೆಯದಂತೆ ಊರಿನ ಲಿಫ್ಟುಗಳನ್ನೆಲ್ಲ ತಿರುಚಿದ್ದ. ಒಂದು ದಿನ ಪುರಸಭೆಯ ಅಧ್ಯಕ್ಷರೇ ಅಂಥದೊಂದರೊಳಗೆ ಸಿಕ್ಕಿಕೊಂಡು ಅದೇ ಹಾಡನ್ನು ಒಂಬತ್ತು ಸಲ ಕೇಳಿದರು. ಹೊರಬಂದವರೇ, ಇನ್ನೊಂದು ದೂರು ಬಂದರೆ ಭಾನುವಾರದ ಅನುಮತಿ ರದ್ದು ಎಂದರು. ಹೇಳುವಾಗ ಅವರ ಕಾಲು ತಾಳ ಹಾಕುತ್ತಿತ್ತು, ಆ ಮಾತು ಬೇರೆ.

ಇನ್ನು ಡಾಕ್ಟರಮ್ಮ ಮಾಡಿದ್ದು ಇಷ್ಟೇ. ಕಣ್ಣು ಪರೀಕ್ಷೆಯ ಅಕ್ಷರಪಟವನ್ನು ಬೀರುವಿನ ಹಿಂದೆ ತಳ್ಳಿ, ಅದರ ಜಾಗದಲ್ಲಿ ಗುಡುಗಿನ ಹಾಡನ್ನು ಅಚ್ಚು ಹಾಕಿಸಿ ತೂಗುಹಾಕಿದ್ದಳು. ಮೇಲಿನ ಸಾಲು ಅಂಗೈಯಗಲ, ಕೊನೆಯದು ಸಾಸಿವೆಗಿಂತ ಸಣ್ಣದು. ಅಂದಿನಿಂದ ಪರೀಕ್ಷೆಯಲ್ಲಿ ಒಬ್ಬರೂ ಫೇಲಾಗಿರಲಿಲ್ಲ. ಎಂಬತ್ತರ ಅಜ್ಜಿಯೂ ಕೊನೆಯ ಸಾಲಿನವರೆಗೆ ಓದಿ, ಮೇಲೆ ರಾಗವನ್ನೂ ಸೇರಿಸುತ್ತಿದ್ದಳು. ಕನ್ನಡಕದ ವ್ಯಾಪಾರ ನೆಲಕಚ್ಚಿತು. ಗುಡುಗಿನ ಹಾಡಿಗೆ ಕಣ್ಣು ಗುಣಪಡಿಸುವ ಶಕ್ತಿಯಿದೆ ಎಂದು ಅವಳು ಮನಸಾರೆ ನಂಬಿದ್ದಳು.

ಆರೋಗ್ಯ ಇಲಾಖೆ ನಂಬಲಿಲ್ಲ. ಇಡೀ ಊರಿನಲ್ಲಿ ಒಬ್ಬರಿಗೂ ದೃಷ್ಟಿದೋಷವಿಲ್ಲದ್ದು ಹೇಗೆಂದು ಪರಿಶೀಲಿಸಲು ಅಧಿಕಾರಿಯನ್ನು ಕಳಿಸುವುದಾಗಿ ಸೋಮವಾರ ಪತ್ರ ಬಂದಿತ್ತು. ಇಂದು ಗುರುವಾರ.

ತಂಗಿ ಕ್ಷಣದಲ್ಲಿ ಹಾಡಿನ ಪಟ ಇಳಿಸಿ, ಬೀರುವಿನ ಹಿಂದಿನ ಹಳೆಯ ಪಟದ ಧೂಳು ಒರೆಸಿ ನೇತುಹಾಕಿದಳು. ಬಂದವನನ್ನು ಕುರ್ಚಿಗೆ ಕರೆತರಲಾಯಿತು. ಅವನು ಮೊದಲು ಕುರ್ಚಿಯ ಪಕ್ಕದಲ್ಲಿ ಕೂರಲು ಹೋದ. ಎಂಥಾ ನಟ ಎಂದುಕೊಂಡಳು ಡಾಕ್ಟರಮ್ಮ.

"ನಾನ್ಯಾಕೆ ಬಂದಿದೀನಿ ಅಂತ ನಿಮಗೆ ಗೊತ್ತಾಗಿರಬೇಕು," ಎಂದ ಅವನು ತಗ್ಗಿದ ದನಿಯಲ್ಲಿ.

"ಗೊತ್ತಾಯ್ತು," ಎಂದಳು.

ಅವನು ಗೋಡೆಯ ಕಡೆ ಬಹಳ ಹೊತ್ತು ಮುಖ ಮಾಡಿದ. ಒಂದಕ್ಷರವನ್ನೂ ಓದಲಿಲ್ಲ. ಆಮೇಲೆ, ಇಲ್ಲಿ ಬೇರೊಂದು ಪಟ ಇದೆಯೆಂದು ಕೇಳಿಯೇ ಅಷ್ಟು ದೂರದಿಂದ ಬಂದದ್ದು, ಅದನ್ನು ತೋರಿಸಬೇಕು ಎಂದ.

ಯಾವ ಪಟ ಎಂದು ಅವಳು ತೊದಲಿದಳು.

"ನೋಡಿ ಡಾಕ್ಟ್ರೇ, ಭಾನುವಾರದ ಕಾರ್ಯಕ್ರಮ ನಡೆಯೋದು ಬಿಡೋದು ಈಗ ನಿಮ್ಮ ಕೈಲಿದೆ."

ಇನ್ನು ಮುಚ್ಚಿಟ್ಟು ಫಲವಿರಲಿಲ್ಲ. ತಪ್ಪೊಪ್ಪಿಕೊಳ್ಳುವವಳಂತೆ ಅವಳೇ ಹಾಡಿನ ಪಟ ತಂದು ತೂಗುಹಾಕಿದಳು. ಗಡಿಬಿಡಿಯಲ್ಲಿ ಪಟ ತಲೆಕೆಳಗಾದದ್ದೂ ತಿಳಿಯಲಿಲ್ಲ. ತಂಗಿ ಅವನ ಕಿವಿಯ ಬಳಿ, ಇದೇ ಸಾರ್ ಆ ಹಾಡು, ಎಂದು ಅಳುಮುಖ ಮಾಡಿದಳು.

ಬಂದವನ ಮುಖ ಅರಳಿತು. ಬೆನ್ನು ನೆಟ್ಟಗೆ ಮಾಡಿ ಮೊದಲ ಸಾಲಿನಿಂದ ಸಾಸಿವೆ ಸಾಲಿನವರೆಗೆ ಒಂದಕ್ಷರ ತಪ್ಪದೆ ಒಪ್ಪಿಸಿದ. ನಡುವೆ ಡೋಲಿನ ಸದ್ದು ಬರುವ ಕಡೆ ಬಾಯಲ್ಲೇ ಡೋಲು ಬಾರಿಸಿದ.

"ಈ ಹಾಡಿಲ್ದೆ ನನ್ನ ದಿನಾನೇ ಸಾಗಲ್ಲ," ಎಂದು ಸಂಕೋಚದಿಂದ ನಕ್ಕ.

ಡಾಕ್ಟರಮ್ಮನಿಗೆ ಅಳುವೇ ಬಂತು. ಇನ್ಸ್‌ಪೆಕ್ಟರನೂ ನಮ್ಮವನೇ! ಅವನು ಕಡತದಿಂದ ಒಂದು ಹಾಳೆ ತೆಗೆದು, ಇಲ್ಲಿ ಸಹಿ ಹಾಕಿ ಎಂದು ಮೇಜಿನ ಮೇಲಿದ್ದ ನೀರಿನ ಲೋಟವನ್ನು ತೋರಿಸಿದ. ಇನ್ನೂ ನಟನೆ ಬಿಟ್ಟಿಲ್ಲವಲ್ಲ ಎಂದು ಮೆಚ್ಚಿ, ಹಾಳೆಯನ್ನು ಓದದೆಯೇ ಅವಳು ಸಹಿ ಹಾಕಿ, ಮೊಹರು ಒತ್ತಿದಳು. ಅವನು ಬೀರುವಿನ ಬಾಗಿಲು ತೆರೆದು, ಮುಚ್ಚಿ, ಕೊನೆಗೆ ತಂಗಿಯ ಸಹಾಯದಿಂದ ಬೀದಿ ಸೇರಿದ. ಅಕ್ಕತಂಗಿಯರು ಅಪ್ಪಿಕೊಂಡರು. ಅಂದು ಅವಳು ಎರಡು ಹೊತ್ತೂ ಹೊಟ್ಟೆತುಂಬ ಉಂಡಳು.

ಭಾನುವಾರ ಮೈದಾನದಲ್ಲಿ ಎಳ್ಳು ಹಾಕಿದರೆ ನೆಲಕ್ಕೆ ಬೀಳದಷ್ಟು ಜನ. ಡಾಕ್ಟರಮ್ಮ ಹೂಗುಚ್ಛ ಹಿಡಿದು ವೇದಿಕೆಯ ಮೆಟ್ಟಿಲ ಮೇಲೆ ನಿಂತಳು. ನಾಲ್ಕಾಯಿತು, ಐದಾಯಿತು. ಗುಡುಗಿನ ಸುಳಿವಿಲ್ಲ. ಹೂಗಳು ಬಾಡಿದವು, ಮಕ್ಕಳು ಅತ್ತರು. ಪುರಸಭೆಯ ಅಧ್ಯಕ್ಷರು ತಾವಂತೂ ಅನುಮತಿ ರದ್ದು ಮಾಡಿಲ್ಲವೆಂದು ಆಣೆಯಿಟ್ಟು ಹೇಳಿದರು. ಕೊನೆಗೆ ತಂಗಿ ಜನರ ನಡುವಿನಿಂದ ನುಗ್ಗಿ ಬಂದು, ಅಕ್ಕನ ಮುಖದ ಮುಂದೆ ಸುದ್ದಿ ಓಡುತ್ತಿದ್ದ ಫೋನು ಹಿಡಿದಳು.

ಎಂಬತ್ತು ಮೈಲಿ ಆಚೆ, ಬಾತುಕೋಳಿ ಸಾಕುವ ಕೊಳವೊಂದರ ನಟ್ಟನಡುವೆ ಗುಡುಗಿನ ಬಸ್ಸು ನಿಂತಿತ್ತು. ಮೊಣಕಾಲುದ್ದ ನೀರಿನಲ್ಲಿ ನಿಂತ ಪೊಲೀಸರಿಗೆ ಕಪ್ಪು ಕನ್ನಡಕದ ಡ್ರೈವರು, ತನ್ನ ಕಣ್ಣು ನೂರಕ್ಕೆ ನೂರು ಸರಿಯಿದೆ ಎಂದು ಗುರುವಾರವಷ್ಟೇ ಬರೆದುಕೊಟ್ಟ ಡಾಕ್ಟರಮ್ಮನ ಸಹಿಯನ್ನು ತೋರಿಸುತ್ತಿದ್ದ.