ಕಿಟಕಿ ಪಕ್ಕದ ಟೇಬಲ್, ಎರಡು ಕಪ್

“ಮೇಡಂ ಎಲ್ಲಿ ಸರ್? ಹಿಂದಿನ ಕಾರಲ್ಲಿ ಬರ್ತಿದ್ದಾರಾ?”

ರಿಸೆಪ್ಷನ್‌ನಲ್ಲಿದ್ದ ದಯಾನಂದ ಇಬ್ಬರ ಹೆಸರಿನ ಬುಕಿಂಗ್ ನೋಡಿ ನಗುನಗುತ್ತಾ ಕೇಳಿದ. ಕಡಲ ದಂಡೆಯ ಆ ದೊಡ್ಡ ರೆಸಾರ್ಟ್‌ಗೆ ಅವನು ವರ್ಗವಾಗಿ ಬಂದು ನಾಲ್ಕೇ ದಿನ.

“ಹೂಂ... ಬರ್ತಾ ಇದಾಳೆ,” ಎಂದರು ಚಂದ್ರಮೌಳಿ. ಚಿತ್ರದುರ್ಗದಲ್ಲಿ ಫ್ಯಾನು, ಮಿಕ್ಸಿಗಳ ಶೋರೂಮ್ ಇಟ್ಟುಕೊಂಡಿರುವ ಅರವತ್ತೊಂದರ ವ್ಯಾಪಾರಿ.

ಆದರೆ ಯಾರೂ ಬರುತ್ತಿರಲಿಲ್ಲ... ಹೆಂಡತಿ ಇಂದುಮತಿ ತೀರಿಕೊಂಡು ಎರಡು ವರ್ಷವಾಗಿತ್ತು.

ಅವಳು ಹೋದ ಮೂರನೇ ತಿಂಗಳು ಮೊದಲು ಇಬ್ಬರೂ ಬರುತ್ತಿದ್ದ ಇಲ್ಲಿಗೆ ಡೀಲರ್‌ಗಳ ಮೀಟಿಂಗ್‌ಗೆಂದು ಒಬ್ಬರೇ ಬಂದಾಗಲೂ ಯಾರೋ ಇದೇ ಪ್ರಶ್ನೆ ಕೇಳಿದ್ದರು. ‘ಇಲ್ಲ’ ಎನ್ನಲು ಬಾಯಿ ತೆರೆದರೆ, ‘ಬರ್ತಾ ಇದಾಳೆ’ ಎಂಬ ಮಾತು ತಾನಾಗಿ ಹೊರಬಿದ್ದಿತ್ತು.

ಕೈಗೆ ಎರಡು ಕೀ ಕಾರ್ಡ್ ಬಂದವು. ಆವತ್ತು ಅವರಿಗೆ ಎಷ್ಟೋ ದಿನಗಳ ಮೇಲೆ ನಿದ್ದೆ ಹತ್ತಿತ್ತು.

ಮನೆಯಲ್ಲಿ ಅವಳ ಫೋಟೋಗೆ ಹಾರ ಬಿದ್ದಿತ್ತು... ಇಲ್ಲಿ ಮಾತ್ರ ಅವಳು ಇನ್ನೂ ದಾರಿಯಲ್ಲಿದ್ದಳು.

ಅಂದಿನಿಂದ ಮೂರು ತಿಂಗಳಿಗೊಮ್ಮೆ ಬರುತ್ತಾರೆ. ಸಂಜೆ ಲೌಂಜ್‌ನ ಕಿಟಕಿ ಪಕ್ಕ ಎರಡು ಕಪ್ ಟೀ ಇಟ್ಟುಕೊಂಡು ಕೂರುತ್ತಾರೆ. ಕಡಲು, ಆಕಾಶ ಎರಡೂ ಒಂದೇ ಬಣ್ಣಕ್ಕೆ ತಿರುಗುವ ಹೊತ್ತು... ಎದುರಿನ ಕಪ್ಪಿನ ಹಬೆಯ ಆಚೆ ಅವಳು ಸೆರಗು ಸರಿಮಾಡಿಕೊಂಡು ಕೂತಂತೆ ಕಾಣುತ್ತಿತ್ತು.

“ಏನ್ರೀ, ಇಷ್ಟೊಂದು ಬಿಸ್ಕತ್ ಫ್ರೀ ಅಂತೆ! ನಾಕು ಬ್ಯಾಗಿಗೆ ಹಾಕ್ಕೊಳ್ಳಾ?” ಅಂದಂತೆ ಕೇಳುತ್ತಿತ್ತು.

ಯಾರಿಗಾದರೂ ಗೊತ್ತಾಗಿಬಿಟ್ಟರೆ ಈ ಜಾಗವೂ ಮುಗಿಯಿತು... ಅದೊಂದೇ ಭಯ ಅವರಿಗೆ.

“ಎಂತ ಸರ್, ನಮ್ಮ ಗೋಲ್ಡ್ ಮೆಂಬರ್ ಕಾರ್ಡ್ ಇಟ್ಕೊಂಡು ಗಾರ್ಡನ್ ರೂಮ್ ಬುಕ್ ಮಾಡಿದ್ದೀರಿ!” ದಯಾನಂದನ ಮಾತು ನಿಲ್ಲಲೇ ಇಲ್ಲ. “ಏಳನೇ ಫ್ಲೋರ್‌ನಲ್ಲಿ ಸೀ ವ್ಯೂ ಸೂಟ್ ಖಾಲಿ ಉಂಟು. ಜಾಸ್ತಿ ದುಡ್ಡಿಲ್ಲದೆ ಅದಕ್ಕೆ ಅಪ್‌ಗ್ರೇಡ್ ಮಾಡಿದೆ. ಬಾಲ್ಕನಿಯಲ್ಲಿ ಕೂತ್ರೆ ಮೇಡಂ ಎದ್ದು ಬರ್ಲಿಕ್ಕಿಲ್ಲ, ನೋಡಿ ಬೇಕಾದ್ರೆ!”

ಚಂದ್ರಮೌಳಿ ಕಾರ್ಡನ್ನು ಜೇಬಿಗೆ ಸೇರಿಸಿದರು.

‘ಒಂದ್ಸಲ ಸಮುದ್ರ ಕಾಣೋ ರೂಮ್ ತಗೊಳ್ರೀ’ ಅಂತ ಇಂದುಮತಿ ಎಷ್ಟು ಸಲ ಕೇಳಿದ್ದಳು! ‘ಮುಂದಿನ ಸಲ ನೋಡೋಣ ಬಿಡೇ’ ಎನ್ನುತ್ತಲೇ ಬಂದಿದ್ದರು. ಈಗ ಕೇಳದಿದ್ದರೂ ಕೊಡುತ್ತಾರೆ...

“ಮೇಡಂಗೂ ಲೌಂಜ್ ಕಾರ್ಡ್ ಮಾಡ್ತೇನೆ. ಓ, ನಿಮ್ಮ ಪ್ರೊಫೈಲ್‌ನಲ್ಲಿ ಎಂತದೋ ನೋಟ್ ಉಂಟು...”

ಹೊಸಬ. ಸ್ಕ್ರೀನ್ ಮೇಲಿದ್ದದ್ದನ್ನು ಗಟ್ಟಿಯಾಗಿಯೇ ಓದತೊಡಗಿದ.

“ಸರ್ ಒಬ್ಬರೇ ಬಂದಿದ್ದಾರೆ. ಮೇಡಂ ಬರುತ್ತಿದ್ದಾರೆ ಎನ್ನುತ್ತಾರೆ. ಮೇಡಂ ಬರುವುದಿಲ್ಲ...”

ಓದು ಅಲ್ಲಿಗೇ ನಿಂತಿತು. ದಯಾನಂದನ ಮುಖ ಬಿಳಚಿಕೊಂಡಿತು.

“ಸಾರಿ ಸರ್... ನಾನು... ಸಾರಿ...”

ಚಂದ್ರಮೌಳಿಯವರಿಗೆ ಬ್ಯಾಗ್ ಎತ್ತಿಕೊಂಡು ಹೊರಟೇ ಹೋಗಬೇಕು ಅನ್ನಿಸಿತು. ಆದರೂ ಕೌಂಟರ್ ಹಿಡಿದುಕೊಂಡು ಕೇಳಿದರು...

“ಪೂರ್ತಿ ಓದಪ್ಪ.”

ದಯಾನಂದ ಮೆಲ್ಲಗೆ ಓದಿದ. “ಮುಂದೆ ಬಂದಾಗಲೂ ಯಾರೂ ಏನೂ ಕೇಳಬೇಡಿ. ಎರಡು ಕೀ ಕೊಡಿ. ಕಿಟಕಿ ಪಕ್ಕದ ಟೇಬಲ್, ಎರಡು ಕಪ್ ಟೀ. ಒಂದಕ್ಕೆ ಸಕ್ಕರೆ ಬೇಡ. ಬರೆದವರು ಜಸಿಂತಾ, ಲೌಂಜ್.”

ಕೆಳಗಿದ್ದ ತಾರೀಖು ಅವರು ಮೊದಲ ಸಲ ಒಬ್ಬರೇ ಬಂದಾಗಿನದು.

ಅಂದರೆ ಇಷ್ಟು ದಿನ... ಬಾಗಿಲು ತೆಗೆಯುವವರಿಂದ ಹಿಡಿದು ಎಲ್ಲರಿಗೂ ಗೊತ್ತಿತ್ತು!

ಲೌಂಜ್‌ಗೆ ಹೋದಾಗ ಸಂಜೆಯಾಗಿತ್ತು. ಜಸಿಂತಾ ಟೀ ತಂದರು. ತಲೆಯಲ್ಲಿ ಅರ್ಧ ಬೆಳ್ಳಿಕೂದಲು, ಕನ್ನಡಕ.

“ನಿಂಗೆ ಹೆಂಗೆ ಗೊತ್ತಾಯ್ತು ತಾಯಿ?”

ಜಸಿಂತಾ ಟ್ರೇ ಕೆಳಗಿಟ್ಟರು. “ಯಾರಿಗಾದ್ರೂ ಕಾಯುವವರು ಬಾಗಿಲು ನೋಡ್ತಾರೆ ಸರ್. ನೀವು ಒಂದು ಸಲ ಕೂಡ ಬಾಗಿಲ ಕಡೆ ನೋಡ್ಲಿಲ್ಲ.”

“ಸುಳ್ಳು ಹೇಳ್ತಾನೆ ಅನ್ನಿಸ್ಲಿಲ್ವಾ?”

“ಎಂತ ಸುಳ್ಳು ಸರ್... ಮೇಡಂ ಇಲ್ಲ ಅನ್ನುದು ನಿಮ್ಮ ಬಾಯಿಂದ ಬರ್ಬೇಕಾದ ಮಾತು. ನೀವು ಹೇಳುವ ಮೊದ್ಲೇ ನಾವು ಹೇಳುದು ಸರಿಯಾ?”

ಚಂದ್ರಮೌಳಿ ಎದುರಿನ ಕಪ್ಪನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ, ಎರಡು ವರ್ಷದಲ್ಲಿ ಇಲ್ಲಿ ಒಮ್ಮೆಯೂ ಆಡದ ಮಾತು ಆಡಿದರು.

“ನನ್ನ ಇಂದು ತೀರ್ಕೊಂಡ್ಲು ಕಣಮ್ಮ...”

ಅಷ್ಟೇ. ತಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಸಣ್ಣ ಮಗುವಿನ ಹಾಗೆ ಅತ್ತರು. ಜಸಿಂತಾ ಟಿಶ್ಯೂ ಡಬ್ಬಿ ಮುಂದೆ ತಳ್ಳಿದರು.

“ಜಗಳಗಂಟಿ,” ಎಂದರು ಚಂದ್ರಮೌಳಿ ಅಳುತ್ತಲೇ. “ಇಲ್ಲಿಗೆ ಬಂದಾಗ್ಲೆಲ್ಲ ನಿಮ್ಮ ಶಾಂಪೂ ಬಾಟ್ಲಿ ಒಂದೂ ಬಿಡ್ತಿರ್ಲಿಲ್ಲ...”

“ಗೊತ್ತುಂಟು ಸರ್,” ಜಸಿಂತಾ ಕಣ್ಣೊರೆಸಿಕೊಂಡು ನಕ್ಕರು. “ಹೌಸ್‌ಕೀಪಿಂಗ್‌ನವರು ನಿಮ್ಮ ರೂಮಿಗೆ ಎರಡು ಜಾಸ್ತಿ ಇಡ್ತಿದ್ರು!”

ಚಂದ್ರಮೌಳಿ ಜೋರಾಗಿ ನಕ್ಕರು. ಪಕ್ಕದ ಟೇಬಲ್‌ನವರು ತಿರುಗಿ ನೋಡುವಷ್ಟು.

ಹೊರಗೆ ಕಡಲು ಕೇಸರಿಯಾಗಿ, ನೇರಳೆಯಾಗಿ, ನಿಧಾನಕ್ಕೆ ಕಣ್ಣು ಮುಚ್ಚುತ್ತಿತ್ತು...

ಅಷ್ಟರಲ್ಲಿ ಪಕ್ಕದ ಟೇಬಲ್‌ನ ಹೆಣ್ಣುಮಗಳೊಬ್ಬಳು ಎದ್ದು ಬಂದಳು. “ಅಂಕಲ್, ಎದುರಿನ ಈ ಚೇರ್ ತಗೊಳ್ಳಲಾ? ನಮ್ಮ ಅತ್ತೆಗೆ ಕೂರೋಕೆ ಜಾಗ ಇಲ್ಲ.”

ಜಸಿಂತಾ ಉಸಿರು ಬಿಗಿಹಿಡಿದರು.

“ತಗೊಳ್ಳಮ್ಮ,” ಎಂದರು ಚಂದ್ರಮೌಳಿ. “ಅಲ್ಲಿ ಯಾರೂ ಇಲ್ಲ.”

ಅವಳು ಕುರ್ಚಿ ಎಳೆದುಕೊಂಡು ಹೋದಳು. ಅದು ಇದ್ದ ಜಾಗದಲ್ಲಿ, ನೆಲದ ಮೇಲೆ, ಸಂಜೆಯ ಕೊನೆಯ ಬೆಳಕು ಬಂದು ಬಿತ್ತು.

*

ನೊಂದವರಿಗೆ ತಮ್ಮ ನೋವನ್ನು ತಾವೇ ಹೇಳಿಕೊಳ್ಳುವಷ್ಟು ಸಮಯ ಕೊಡುವುದಿದೆಯಲ್ಲ... ಅದಕ್ಕಿಂತ ದೊಡ್ಡ ಅಪ್‌ಗ್ರೇಡ್ ಇನ್ನೊಂದಿಲ್ಲ.

ನಿಮ್ಮ ಸುತ್ತಲೂ ಯಾರೋ ಒಬ್ಬರು ‘ನಾನು ಆರಾಮಾಗಿದ್ದೀನಿ’ ಎನ್ನುತ್ತಾ ಓಡಾಡುತ್ತಿರಬಹುದು... ಅವರನ್ನು ಏನೂ ಕೇಳದೆ, ಸುಮ್ಮನೆ ಅವರ ಜೊತೆ ನೀವು ಕೊನೆಯ ಸಲ ಕೂತದ್ದು ಯಾವಾಗ?