ಹಿಂದಿನ ಸೀಟು

ಕರೆಮ್ಮನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ. ದೇವದುರ್ಗದಲ್ಲಿ ಪೋಸ್ಟ್‌ಮನ್ ಆಗಿದ್ದು ನಿವೃತ್ತನಾದ ಅವಳ ಗಂಡ ಬೂದೆಪ್ಪನಿಗೆ ಇದರಲ್ಲಿ ಸಂಶಯವೇ ಇರಲಿಲ್ಲ. ಇಬ್ಬರು ಹಿಂದೆ ಮುಂದೆ ಕುಳಿತು ತುಳಿಯುವ ಉದ್ದನೆಯ ಸೈಕಲ್ಲಿನಲ್ಲಿ ಅವರು ಮರುದಿನ ಬೆಳಿಗ್ಗೆ ರಾಯಚೂರಿನಿಂದ ಗೋಕರ್ಣದ ಸಮುದ್ರಕ್ಕೆ ಹೊರಡಬೇಕಿತ್ತು. ಅವನು ಹಿಂದಿನ ಸೀಟಿನ ನಟ್ಟು ಬಿಗಿಯುತ್ತಿದ್ದ.

“ನೀ ಸುಮ್ಮನ ಕಾಲಿಟ್ಕೊಂಡು ಕೂಡು ಬೇ, ತುಳಿಯೋದು ನನಗ ಬಿಡು. ಮಾನ್ವಿ ದಾಟೂದ್ರಾಗ ಕಲ್ತಿರ್ತಿ.”

“ಸೀಟು ನಾಕು ಬೆರಳು ಇಳಸ್ರಿ,” ಎಂದಳು ಕರೆಮ್ಮ.

“ಯಾಕ, ಬೀಳ್ತೀನಂತ ಅಂಜಿಕಿ ಏನು?”

ಅವಳು ಅವನ ಕೈಯಿಂದ ಪಾನಾ ತೆಗೆದುಕೊಂಡು ನಟ್ಟು ಸಡಿಲಿಸಿದಳು, ಸೀಟು ಇಳಿಸಿ ಮತ್ತೆ ಬಿಗಿದಳು. ಕೈ ಎಲ್ಲಿಯೂ ತಡವರಿಸಲಿಲ್ಲ. “ಮದಿವ್ಯಾಗ ನಮ್ಮಪ್ಪ ನಿಮಗ ಕೊಟ್ಟ ಸೈಕಲ್ಲಿನ ಸೀಟು ಇಷ್ಟ ಎತ್ತರ ಇತ್ತು. ಹೊಸಾದು ಕೊಡಾಕ ಆಗ್ಲಿಲ್ರಿ ಅವಗ, ನನ್ನ ಸೈಕಲ್ಲನ್ನ ಕೊಟ್ಟ. ಮಲ್ಲಟದಿಂದ ಮಾನ್ವಿಗೆ ಸಾಲಿ ಕಲಿಯಾಕ ನಾ ಅದರ ಮ್ಯಾಲ ಹೋಗ್ತಿದ್ದೆ.”

ಬೂದೆಪ್ಪನಿಗೆ ಆ ಸೀಟು ನೆನಪಿತ್ತು. “ನಿಮ್ಮನಿಯಾಗ ಎಲ್ಲಾರೂ ಕುಳ್ಳರೇನು?” ಎಂದು ನಕ್ಕು ಅಂದೇ ಅದನ್ನು ಎತ್ತರಿಸಿದ್ದ. ಅದು ಯಾರಿಗಾಗಿ ಕೆಳಗಿತ್ತೆಂದು ಕೇಳಿರಲಿಲ್ಲ.

“ಆವಾಗ ಯಾಕ ಹೇಳ್ಲಿಲ್ಲ?”

“ನೀವು ಆಗಲೇ ಹತ್ತಿ ಕೂತಿದ್ರಿ.”

ಆ ಸೈಕಲ್ಲನ್ನು ಅವನು ಇಪ್ಪತ್ತಾರು ವರ್ಷ ತುಳಿದಿದ್ದ. ಆ ಇಪ್ಪತ್ತಾರು ವರ್ಷವೂ ಕರೆಮ್ಮ ಹಿಂದೆ ಕ್ಯಾರಿಯರ್ ಮೇಲೆ, ಎರಡೂ ಕಾಲು ಒಂದೇ ಬದಿಗೆ ಇಳಿಬಿಟ್ಟು ಕುಳಿತಿದ್ದಳು.